ಹದಿನಾರನೆಯ ಸ್ಥಾನದ ಒಂದು

ವೇದಿಕೆಯ ಮೇಲಿರುವ ನಮ್ಮ ಸಂಘದ ಅಧ್ಯಕ್ಷರಾದ ನೋರ್ಬೆರ್ಟ್ ಅವರೇ, ಪ್ರತಿ ವರ್ಷ ಈ ಸಭಾಂಗಣವನ್ನು ನಮಗೆ ಬಿಟ್ಟುಕೊಟ್ಟು ಆಮೇಲೆ ಒಂದು ವಾರ ಗರಿ ಗುಡಿಸುವ ನಮ್ಮ ಪಾದ್ರಿಗಳೇ, ಅಕ್ಕಪಕ್ಕದ ಊರುಗಳ ಪಾರಿವಾಳ ಸಂಘಗಳಿಂದ ಬಂದ ಅತಿಥಿಗಳೇ, ಇಂದಿನ ಸನ್ಮಾನಿತರೂ ಎಂಬತ್ತನಾಲ್ಕರ ಹಿರಿಯರೂ ಆದ ಎವಾಲ್ಡ್ ಶೊಲ್ತಿಸೆಕ್ ಅವರೇ, ಪಕ್ಕದಲ್ಲೇ ಕುಳಿತು ಅವರ ಕೈ ಕೇಕಿನ ತಟ್ಟೆಗೆ ಹೋಗದಂತೆ ಕಾಯುತ್ತಿರುವ ಶ್ರೀಮತಿ ತ್ರೂದಾ ಅವರೇ, ಹಾಗೂ ಅಡುಗೆಮನೆಯಿಂದ ಬರುತ್ತಿರುವ ಕೆಂಪು ಎಲೆಕೋಸಿನ ವಾಸನೆಗೆ ಆಗಲೇ ಮನಸ್ಸು ಕೊಟ್ಟಿರುವ ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಮೂವತ್ತಾರು ವರ್ಷ ಪಾಠ ಮಾಡಿದ ನಾನು ಒಂದು ದಿನವೂ ಗಂಟೆ ಬಾರಿಸುವುದರೊಳಗೆ ಮುಗಿಸಿದವನಲ್ಲ. ಆದ್ದರಿಂದ ಹತ್ತು ಎಂದರೆ ಎಷ್ಟು ಎಂಬ ವಿಷಯದಲ್ಲಿ ಅಧ್ಯಕ್ಷರು ಸ್ವಲ್ಪ ಉದಾರವಾಗಿರಬೇಕು. ಇಂದಿನ ನನ್ನ ಮಾತೂ ಅದರ ಬಗ್ಗೆಯೇ. ಒಂದು ಸಂಖ್ಯೆ ಎಂದರೆ ಎಷ್ಟು?

ಎವಾಲ್ಡ್ ಅವರ ಪರಿಚಯವನ್ನು ನಾನು ಯಾರಿಗೆ ಮಾಡಿಕೊಡಲಿ? ಇಪ್ಪತ್ತೇಳು ವರ್ಷ ನೆಲದಡಿ ಕಲ್ಲಿದ್ದಲು ತೋಡಿದವರು. ಅಲ್ಲಿಂದ ಮೇಲೆ ಬಂದು ಮುಖ ತೊಳೆದು ನೇರವಾಗಿ ಗೂಡಿನ ಏಣಿ ಹತ್ತಿದವರು. ಜರ್ಮನಿಯಲ್ಲಿ ಬಿಟ್ಟ ಹಕ್ಕಿ ಏಳು ನೂರು ಕಿಲೋಮೀಟರ್ ಹಾರಿ ಈ ಊರಿನ ಸಾವಿರ ಹೊಗೆಕೊಳವೆಗಳ ನಡುವೆ ತನ್ನ ಸೂರನ್ನೇ ಹುಡುಕಿಕೊಂಡು ಬಂದು ಇಳಿಯುವಂತೆ ಸಾಕಿದವರು. ನಿಮ್ಮ ಕೈಯಲ್ಲಿರುವ ಕಾಗದದಲ್ಲಿ 'ಹದಿನಾಲ್ಕು ಬಾರಿ ಚಾಂಪಿಯನ್' ಎಂದಿದೆ. ಆ ಹದಿನಾಲ್ಕರಲ್ಲಿ ಒಂದರ ಕಥೆಯನ್ನು ಹೇಳುವುದಕ್ಕೆ ನಾನು ಎದ್ದು ನಿಂತಿದ್ದೇನೆ. 1994ನೆಯ ವರ್ಷದ ಕಥೆ. ನಮ್ಮ ದಾಖಲೆ ಪುಸ್ತಕದಲ್ಲಿ ಆ ವರ್ಷದ ಎದುರಿಗೆ 'ಲೆಕ್ಕದ ಪರಿಷ್ಕರಣೆಯ ನಂತರ' ಎಂಬ ಮೂರು ಪದಗಳಿವೆ. ಅವನ್ನು ಬರೆದವನು ಕಾರ್ಯದರ್ಶಿಯಾಗಿದ್ದ ನಾನೇ. ಮೂರು ಪದಗಳ ಹಿಂದೆ ಒಬ್ಬ ಮನುಷ್ಯ ಎಷ್ಟು ಅಡಗಿಕೊಳ್ಳಬಹುದು ಎಂಬುದು ಇಪ್ಪತ್ತೈದು ವರ್ಷ ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಈ ಊರಿನವನಲ್ಲ. ನೀವು ಅದನ್ನು ನನಗೆ ಮರೆಯಲು ಬಿಟ್ಟವರೂ ಅಲ್ಲ. ಈ ಗಣಿಸೀಮೆ ಸಿಲೇಸಿಯಾದಲ್ಲಿ ಹುಟ್ಟದ ಎಲ್ಲರಿಗೂ ಇಲ್ಲಿ ಇರುವುದು ಒಂದೇ ಹೆಸರು, ಗೊರೊಲ್. ಕಂಪ್ಯೂಟರ್ ಕಲಿಸುವ ಮೇಷ್ಟರಾಗಿ ಕೀಲ್ತ್ಸೆ ಕಡೆಯಿಂದ ಬಂದೆ, ಬ್ರಿಗಿದಾಳನ್ನು ಮದುವೆಯಾದೆ. ಅವಳ ತಂದೆ ಹುಬೆರ್ಟ್ ಪಿರ್ತೆಕ್ ಮದುವೆಯ ಊಟದಲ್ಲೇ ನನ್ನ ತಟ್ಟೆಗೆ ಮಾಂಸದ ಸುರುಳಿ ಬಡಿಸುತ್ತ, "ತಿನ್ನಪ್ಪ ಗೊರೊಲ್, ನಿಮ್ಮ ಕಡೆ ಇಂಥದ್ದು ಸಿಗಲ್ಲ" ಎಂದಿದ್ದರು. ಪ್ರೀತಿಯಿಂದಲೇ ಅಂದಿದ್ದರು. ಆದರೂ ಎರಡು ವರ್ಷ ಆ ಮನೆಯಲ್ಲಿ ನನಗೆ ಬೇರೆ ಹೆಸರಿರಲಿಲ್ಲ.

ಹುಬೆರ್ಟ್ ಮತ್ತು ಎವಾಲ್ಡ್ ಒಂದೇ ಪಾಳಿಯಲ್ಲಿ ಗಣಿಗೆ ಇಳಿದವರು, ಒಂದೇ ಸಾಲಿನ ಕೆಂಪಿಟ್ಟಿಗೆ ಮನೆಗಳಲ್ಲಿ ಬಾಳಿದವರು. ಇಬ್ಬರ ಹಿತ್ತಿಲೂ ಅಕ್ಕಪಕ್ಕ, ಗೂಡುಗಳೂ ಅಕ್ಕಪಕ್ಕ. ಪಂದ್ಯದ ಭಾನುವಾರ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಪಶ್ಚಿಮದ ಆಕಾಶವನ್ನು ನೋಡುತ್ತಿದ್ದರು. ಕಪ್ಪು ಚುಕ್ಕೆಯೊಂದು ಕಂಡರೆ ಒಬ್ಬರು "ನಿಂದು" ಎನ್ನುವರು, ಇನ್ನೊಬ್ಬರು "ಅಲ್ಲ, ನಿಂದು" ಎನ್ನುವರು. ಹನ್ನೊಂದು ವರ್ಷ ಅದು ಎವಾಲ್ಡ್ ಅವರದೇ ಆಗಿರುತ್ತಿತ್ತು. ಹನ್ನೊಂದು ವರ್ಷ ನನ್ನ ಮಾವ ಎರಡನೆಯವರು.

ನಾನು ಅವರಿಗೆಲ್ಲ ಹತ್ತಿರವಾಗಬೇಕೆಂದು ಏನು ಮಾಡಿದೆ? ಪಾರಿವಾಳ ಎಂದರೆ ನನಗೆ ಭಯ. ರೆಕ್ಕೆ ಬಡಿದರೆ ಇಂದಿಗೂ ಕಣ್ಣು ಮುಚ್ಚುತ್ತೇನೆ. ಆದರೆ ಲೆಕ್ಕ ಬರುತ್ತಿತ್ತು. ಸಂಘದ ಫಲಿತಾಂಶಗಳಿಗಾಗಿ ಶಾಲೆಯ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟೆ. ನೀವು ಚಪ್ಪಾಳೆ ತಟ್ಟಿದಿರಿ. ಕಾರ್ಯದರ್ಶಿ ಮಾಡಿದಿರಿ.

ಆಗಿನ ನಿಯಮ ಕಿರಿಯರಿಗೆ ಗೊತ್ತಿರಲಾರದು. ಹಕ್ಕಿ ಎಷ್ಟನೆಯದಾಗಿ ಬಂತು, ಒಟ್ಟು ಎಷ್ಟು ಹಕ್ಕಿ ಹಾರಿದವು ಎಂಬುದರ ಮೇಲೆ ಪ್ರತಿ ಪಂದ್ಯಕ್ಕೂ ಒಂದು ಸಂಖ್ಯೆ; ಅದಕ್ಕೆ ದಶಮಾಂಶದ ಒಂದೇ ಸ್ಥಾನ. ಸಾವಿರದಲ್ಲಿ ಮೊದಲು ಬಂದರೆ 0.1, ಮೂರನೆಯದಾದರೆ 0.3. ಕೊನೆಯ ಮೂರು ದೊಡ್ಡ ಪಂದ್ಯಗಳ ಸಂಖ್ಯೆಗಳನ್ನು ಕೂಡಿಸಬೇಕು. ಮೊತ್ತ ಯಾರದು ಕಡಿಮೆಯೋ ಅವರು ಚಾಂಪಿಯನ್. ಇಬ್ಬರದೂ ಸಮವಾದರೆ ಬಹುಮಾನದ ಕಪ್ ಮೇಲೆ ಇಬ್ಬರ ಹೆಸರು.

ಆ ಬೇಸಿಗೆಯಲ್ಲಿ ಎವಾಲ್ಡ್ ಅವರ ಬೂದು ಬಣ್ಣದ ಹೆಣ್ಣು ಮೊದಲ ಪಂದ್ಯದಲ್ಲಿ ಎಲ್ಲರಿಗಿಂತ ಮೊದಲು ಬಂತು. ಅವರಿಗೆ 0.1, ಮೂರನೆಯವರಾದ ನನ್ನ ಮಾವನಿಗೆ 0.3. ಎರಡನೆಯ ಪಂದ್ಯದಲ್ಲಿ ಹಕ್ಕಿಗಳು ಬಹಳ. ಇಬ್ಬರೂ ಹಿಂದೆ ಮುಂದೆ ಬಂದರೂ ಇಬ್ಬರಿಗೂ 0.2. ಮೂರನೆಯದರಲ್ಲಿ ಮಾವ ಮೊದಲಿಗರು, 0.1; ಎವಾಲ್ಡ್ ಮೂರನೆಯವರು, 0.3. ಸಭಿಕರೇ, ನೀವು ಬೆರಳಲ್ಲಿ ಕೂಡಿಸುತ್ತಿದ್ದೀರಿ, ನನಗೆ ಇಲ್ಲಿಂದ ಕಾಣುತ್ತಿದೆ. ಕೂಡಿಸಿ. ಇಬ್ಬರದೂ 0.6 ಅಲ್ಲವೇ?

ಜಿಲ್ಲಾ ಕಚೇರಿಯಿಂದ ಬಂದ ಫ್ಲಾಪಿಯನ್ನು ಹಾಕಿದೆ, ಸಂಖ್ಯೆಗಳನ್ನು ಓದಿಸಿದೆ, ಪಟ್ಟಿಯನ್ನು ಮುದ್ರಿಸಿದೆ. ಪ್ರಿಂಟರು ಕಿರ್ರೆಂದು ಕಾಗದ ಉಗುಳಿತು. ಒಂದನೆಯ ಸ್ಥಾನ ಹುಬೆರ್ಟ್ ಪಿರ್ತೆಕ್, 0.6. ಎರಡನೆಯ ಸ್ಥಾನ ಎವಾಲ್ಡ್ ಶೊಲ್ತಿಸೆಕ್, 0.6. ನಾನು ಹೆಸರುಗಳನ್ನು ಓದಿದೆ, ಸಂಖ್ಯೆಗಳನ್ನು ಓದಲಿಲ್ಲ. ಇದೇ ಸಭಾಂಗಣದಲ್ಲಿ, ಇದೇ ಮೈಕಿನಲ್ಲಿ ಮಾವನ ಹೆಸರನ್ನು ಕೂಗಿದೆ. ಮಾವ ಎದ್ದು ಬಂದು ಕಪ್ ಹಿಡಿದುಕೊಂಡು ನನ್ನ ಹೆಗಲ ಮೇಲೆ ಕೈ ಹಾಕಿ, "ಇವನು ನಮ್ಮ ಮೇಷ್ಟ್ರು" ಎಂದರು. ಗೊರೊಲ್ ಅನ್ನಲಿಲ್ಲ. ಬ್ರಿಗಿದಾ ಆಗ ಏಳು ತಿಂಗಳ ಬಸುರಿ. ಅಲ್ಲಿ ಕಂಬದ ಹತ್ತಿರ ಕುಳಿತು ಅಳುತ್ತಿದ್ದಳು. ಅಂದು ನನಗಿಂತ ಸುಖಿ ಈ ಊರಿನಲ್ಲಿ ಯಾರಿದ್ದರು?

ಮೂರು ದಿನ ಕಳೆದ ಮೇಲೆ ಎವಾಲ್ಡ್ ನಮ್ಮ ಮನೆಗೆ ಬಂದರು. ಕೂಗಾಡಲಿಲ್ಲ. ಟೋಪಿ ತೆಗೆದು, ಮಡಿಸಿದ ಪಟ್ಟಿಯನ್ನು ಮೇಜಿನ ಮೇಲಿಟ್ಟರು.

"ಮೇಷ್ಟ್ರೇ, ನಮ್ಮ ತ್ರೂದಾ ಕೂಡ್ಸಿದಾಳೆ. ನಾನೂ ಕೂಡ್ಸಿದೀನಿ. ಇಬ್ರದ್ದೂ ಒಂದೇ ಬರತ್ತೆ. ನೀವೂ ಒಂದೇ ಅಂತ ಬರೆದಿದೀರಿ. ಮತ್ತೆ ನಾನು ಎರಡನೇವ್ನು ಹೇಗಾದೆ?"

ನಾನೇನು ಹೇಳಬೇಕಿತ್ತು? 'ನೋಡುತ್ತೇನೆ' ಎನ್ನಬಹುದಿತ್ತು. ಆದರೆ ನಾನು ಕಂಪ್ಯೂಟರ್ ಮೇಷ್ಟ್ರು. "ಎವಾಲ್ಡ್ ಅವರೇ, ಯಂತ್ರಕ್ಕೆ ಅಳಿಯ ಮಾವ ಅಂತಿರಲ್ಲ. ಕಾಗದದಲ್ಲಿ ಜಾಗ ಇಲ್ಲ ಅಂತ ಒಂದೇ ಅಂಕಿ ತೋರಿಸಿದೆ. ಒಳಗೆ ಪೂರ್ತಿ ಇರತ್ತೆ. ಬನ್ನಿ, ತೋರಿಸ್ತೀನಿ" ಎಂದೆ. ಶಾಲೆಗೆ ಕರೆದುಕೊಂಡು ಹೋದೆ. ದಶಮಾಂಶದ ನಂತರ ಹದಿನಾರು ಸ್ಥಾನ ಮುದ್ರಿಸುವಂತೆ ಬದಲಿಸಿದೆ. ಮಾವನ ಸಾಲಿನಲ್ಲಿ ಆರು, ಅದರ ಹಿಂದೆ ಬರೀ ಸೊನ್ನೆಗಳು. ಎವಾಲ್ಡ್ ಅವರ ಸಾಲಿನಲ್ಲಿ 0.6000000000000001.

ನನಗೂ ಅದು ಆಶ್ಚರ್ಯವೇ ಆಗಿತ್ತು. ಆದರೆ ಆಶ್ಚರ್ಯಕ್ಕಿಂತ ನೆಮ್ಮದಿಯೇ ಹೆಚ್ಚು. "ನೋಡಿ, ನಿಮ್ಮದು ಜಾಸ್ತಿ ಇದೆ" ಎಂದೆ.

ಅವರು ಕನ್ನಡಕ ಹಾಕಿಕೊಂಡರು. ಸೊನ್ನೆಗಳ ಮೇಲೆ ಬೆರಳಿಟ್ಟು ಒಂದೊಂದನ್ನೇ ಎಣಿಸುತ್ತ ಕೊನೆಯವರೆಗೆ ಹೋದರು. ಆ ಬೆರಳಿನ ಉಗುರಿನ ಸಂದಿಯಲ್ಲಿ ಕಲ್ಲಿದ್ದಲಿನ ನೀಲಿ ಗೆರೆ ಇತ್ತು. ಒಂದರ ಮೇಲೆ ಬೆರಳು ನಿಂತಿತು.

"ನನ್ನ ಬೂದು ಹೆಣ್ಣು ಒಂದು ತಂದ್ಲು. ಆಮೇಲೆ ಎರಡು. ಆಮೇಲೆ ಮೂರು. ಅಷ್ಟೇ ಹಾರಿದ್ದು ನಮ್ಮ ಹಕ್ಕಿಗಳು. ಈ ಒಂದನ್ನ ಯಾವ ಹಕ್ಕಿ ತಂತು ಮೇಷ್ಟ್ರೇ?"

ಅಷ್ಟು ವರ್ಷ ಪಾಠ ಮಾಡಿದ ನನಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿಲ್ಲ. ಉತ್ತರವಿಲ್ಲದ ಮೇಷ್ಟ್ರುಗಳು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. "ಅದು ನಿಮಗೆ ಅರ್ಥ ಆಗಲ್ಲ" ಎಂದುಬಿಟ್ಟೆ.

ಅವರು ಟೋಪಿ ಹಾಕಿಕೊಂಡು ಹೊರಟುಹೋದರು. ಅಕ್ಟೋಬರಿನಲ್ಲಿ ತಮ್ಮ ನಲವತ್ತೊಂದು ಹಕ್ಕಿಗಳನ್ನು ಬುಟ್ಟಿಗಳಲ್ಲಿ ತುಂಬಿ ರಿಬ್ನಿಕ್ ಕಡೆಯ ಒಬ್ಬರಿಗೆ ಕೊಟ್ಟುಬಿಟ್ಟರು. ಗೂಡಿನ ಬಾಗಿಲಿಗೆ ಹಲಗೆ ಹೊಡೆದರು. ಬೆಂಚಿನ ಮೇಲೆ ನನ್ನ ಮಾವ ಒಬ್ಬರೇ ಕುಳಿತಿರುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ.

ಆದರೆ ಪಾರಿವಾಳವನ್ನು ಕೊಟ್ಟುಬಿಡುವುದು ಎಂದರೇನು? ಇಲ್ಲಿ ಕುಳಿತಿರುವ ಎಲ್ಲರಿಗೂ ಗೊತ್ತು, ಅದು ಮನುಷ್ಯರ ನಡುವಿನ ಒಪ್ಪಂದ, ಹಕ್ಕಿ ಅದಕ್ಕೆ ಸಹಿ ಹಾಕಿರುವುದಿಲ್ಲ. ಹೊಸ ಯಜಮಾನರು ಬಾಗಿಲು ತೆರೆದ ದಿನವೇ ಮೊದಲನೆಯದು ವಾಪಸು ಬಂತು. ನವೆಂಬರಿನಲ್ಲಿ ನಾಲ್ಕು. ಕ್ರಿಸ್ಮಸ್ ಹೊತ್ತಿಗೆ ಹತ್ತು. ಮುಚ್ಚಿದ ಗೂಡಿನ ಮೇಲೆ ಕುಳಿತು ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದವು. ಎವಾಲ್ಡ್ ಹೊರಗೆ ಬರುತ್ತಿರಲಿಲ್ಲ, ಪರದೆ ಎಳೆದುಕೊಂಡಿರುತ್ತಿದ್ದರು. ನನ್ನ ಮಾವ ಜೋಳ, ಬಟಾಣಿ ತೋರಿಸಿ ಒಂದೊಂದನ್ನೇ ತಮ್ಮ ಗೂಡಿಗೆ ಇಳಿಸಿಕೊಂಡರು. ಒಂಬತ್ತು ಇಳಿದವು. ಬೂದು ಹೆಣ್ಣು ಮಾತ್ರ ಇಳಿಯಲಿಲ್ಲ. ಅವಳಿಗೆ ಬೇರೆಯವರ ಮನೆ ಬೇಡ. ಮಾವ ಏಣಿ ಹತ್ತಿ ಎವಾಲ್ಡ್ ಅವರ ಸೂರಿನ ಅಂಚಿನ ಮೇಲೆ ಕಾಳು ಇಟ್ಟು ಬರುತ್ತಿದ್ದರು. ಅರವತ್ತರ ಮನುಷ್ಯ, ಹಿಮಗಟ್ಟಿದ ಏಣಿ. "ಯಾಕೆ ಮಾವ?" ಎಂದು ಕೇಳಿದರೆ, "ಹಕ್ಕಿ ಏನು ಮಾಡಿತ್ತು?" ಎನ್ನುತ್ತಿದ್ದರು. 'ಹಕ್ಕಿ' ಎಂಬ ಪದವನ್ನು ಒತ್ತಿ ಹೇಳುತ್ತಿದ್ದರು. ಆ ಒತ್ತು ನನಗೆ ಆಗ ಅರ್ಥವಾಗಲಿಲ್ಲ.

ಜನವರಿಯಲ್ಲಿ ವಾರ್ಷಿಕ ವರದಿಗಾಗಿ ಜಿಲ್ಲಾ ಕಚೇರಿಯಿಂದ ಅದೇ ಫಲಿತಾಂಶಗಳ ಹೊಸ ಫ್ಲಾಪಿ ಬಂತು. ಈ ಸಲ ಅವರು ಇತ್ತೀಚಿನ ಪಂದ್ಯವನ್ನು ಮೊದಲು, ಹಳೆಯದನ್ನು ಕೊನೆಗೆ ಬರೆದಿದ್ದರು. ಶಾಲೆಗೆ ಚಳಿಗಾಲದ ರಜೆ, ಮಧ್ಯಾಹ್ನದ ಹೊತ್ತು. ಅದೇ ಪ್ರೋಗ್ರಾಂ, ಅದೇ ಸಂಖ್ಯೆಗಳು. ಪಟ್ಟಿ ಬಂತು. ಒಂದನೆಯ ಸ್ಥಾನ, ಎವಾಲ್ಡ್ ಶೊಲ್ತಿಸೆಕ್.

ಮತ್ತೆ ಮಾಡಿದೆ. ಮತ್ತೆ ಎವಾಲ್ಡ್. ಹಳೆಯ ಫ್ಲಾಪಿ ಹಾಕಿದೆ, ಹುಬೆರ್ಟ್. ಕಾಗದ ತೆಗೆದುಕೊಂಡು ಕುಳಿತೆ. ಒಂದಕ್ಕೆ ಎರಡು ಕೂಡಿಸಿ ಮೂರು ಕೂಡಿಸಿದರೆ ಬಾಲದಲ್ಲಿ ಒಂದು ಹುಟ್ಟುತ್ತದೆ. ಮೂರಕ್ಕೆ ಎರಡು ಕೂಡಿಸಿ ಒಂದು ಕೂಡಿಸಿದರೆ ಹುಟ್ಟುವುದಿಲ್ಲ. ನಾವು ಮೂರರಲ್ಲೊಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ ಮೂರು ಮೂರು ಮೂರು ಎಂದು ಮುಗಿಯುವುದೇ ಇಲ್ಲ, ಎಲ್ಲೋ ಕತ್ತರಿಸಬೇಕು. ಕಂಪ್ಯೂಟರಿಗೆ ಇರುವುದು ಎರಡೇ ಬೆರಳು, ಸೊನ್ನೆ ಮತ್ತು ಒಂದು. ಅದಕ್ಕೆ ಹತ್ತರಲ್ಲೊಂದು ಕೂಡ ಹಾಗೆಯೇ ಮುಗಿಯದ ಸಂಖ್ಯೆ. ಅದೂ ಕತ್ತರಿಸುತ್ತದೆ. ಕತ್ತರಿಸಿದ್ದನ್ನು ಯಾವ ಕ್ರಮದಲ್ಲಿ ಕೂಡಿಸಿದೆ ಎನ್ನುವುದರ ಮೇಲೆ ಕೊನೆಯ ಅಂಕಿ ಅತ್ತಿತ್ತ ಆಗುತ್ತದೆ. ಇದು ಪುಸ್ತಕದಲ್ಲಿತ್ತು. ನಾನು ಓದಿ ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ. ಎವಾಲ್ಡ್ ಅವರ ಆ ಒಂದನ್ನು ಯಾವ ಹಕ್ಕಿಯೂ ತಂದಿರಲಿಲ್ಲ. ನಾನು ತಂದಿದ್ದೆ.

ಈಗ ಕಥೆಯ ಮುಂದಿನ ಭಾಗ, ನಿಮಗೆ ಗೊತ್ತಿರುವ ಭಾಗ. ಮಾರ್ಚ್ ತಿಂಗಳು. ಮರಿಹಕ್ಕಿಗಳ ಕಾಲಿಗೆ ತೊಡಿಸುವ ಹೊಸ ವರ್ಷದ ಉಂಗುರಗಳನ್ನು ಹಂಚಲು ಸದಸ್ಯರ ಪಟ್ಟಿ ಮಾಡಬೇಕಿತ್ತು. ಎವಾಲ್ಡ್ ರಾಜೀನಾಮೆ ಕಳಿಸಿದ್ದರು. ಅವರ ಹೆಸರಿನ ಮೇಲೆ ಗೀಟು ಎಳೆಯಬೇಕಾದವನು ನಾನು. ಎಳೆಯಲಾಗಲಿಲ್ಲ. ಮಾವನ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಬೂಟಿನ ದಾರ ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ.

"ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು ಮಾವ?"

"ಅವತ್ತೇ ಕೂಡ್ಸಿ ನೋಡಿದ್ದೆ. ಕಪ್ ಮನೆಗೆ ತಂದ ಸಂಜೇನೇ. ಮೂರು ಅಂಕಿ ಕೂಡ್ಸಕ್ಕೆ ಕಂಪ್ಯೂಟರ್ ಬೇಕೇನಪ್ಪ?" ಇನ್ನೊಂದು ಬೂಟಿಗೆ ಕೈ ಹಾಕಿದರು. "ಹನ್ನೊಂದು ವರ್ಷ ಅವನ ಬೆನ್ನೇ ನೋಡ್ಕೊಂಡಿದ್ದೆ. ಒಂದೇ ಒಂದು ಸಲ ನನ್ನ ಹೆಸರು ಒಂಟಿಯಾಗಿರ್ಲಿ ಅನ್ನಿಸ್ತು. ಮೇಷ್ಟ್ರು ಹೇಳಿದಾನಲ್ಲ, ಓದಿದವ್ನು, ಇರಬಹುದು ಅಂತ ನನಗೆ ನಾನೇ ಹೇಳ್ಕೊಂಡೆ. ಏಳು, ಕಪ್ ತಗೋ. ನಾನು ಬುಟ್ಟಿ ತರ್ತೀನಿ."

ಹೀಗೆ ನಾವಿಬ್ಬರೂ ಹೋದೆವು. ನನ್ನ ಕೈಯಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಕಪ್, ಮಾವನ ಕೈಯಲ್ಲಿ ಹಕ್ಕಿಗಳ ಬುಟ್ಟಿ. ಎವಾಲ್ಡ್ ಬಾಗಿಲು ತೆರೆದರು.

"ಏನದು?"

"ನಿನ್ನ ಹಕ್ಕಿ. ಒಂಬತ್ತಿವೆ."

"ಅವನ್ನ ಕೊಟ್ಟಾಗಿದೆ."

"ನೀನು ಅವಕ್ಕೆ ಹೇಳ್ಲಿಲ್ಲವಂತೆ" ಎಂದರು ಮಾವ. "ಎವಾಲ್ಡ್, ನಂಗೆ ಗೊತ್ತಿತ್ತು ಕಣೋ. ಮೊದಲ ದಿನದಿಂದ ಗೊತ್ತಿತ್ತು."

ಎವಾಲ್ಡ್ ಮಾವನ ಮುಖ ನೋಡಿದರು. ಆಮೇಲೆ ಬುಟ್ಟಿಯ ಮುಚ್ಚಳ ತೆಗೆದು ಒಂದನ್ನು ಎತ್ತಿ ರೆಕ್ಕೆ ಬಿಡಿಸಿ ನೋಡಿದರು. "ದಪ್ಪ ಮಾಡಿದೀಯ ಇವನ್ನ. ಇವು ಹಾರ್ತವಾ?" ಎಂದರು. ಇಬ್ಬರು ಗಣಿ ಕಾರ್ಮಿಕರ ನಡುವೆ ಕ್ಷಮೆ ಕೇಳುವುದೂ ಕೊಡುವುದೂ ಅಷ್ಟರಲ್ಲೇ ಮುಗಿಯಿತು. ತ್ರೂದಾ ಅವರು ಗಸಗಸೆ ಕೇಕು ತಂದಿಟ್ಟರು. ನಾನು ಎರಡು ಬೆರಳಿನ ಲೆಕ್ಕವನ್ನು ವಿವರಿಸಿದೆ.

"ಅಂದ್ರೆ ಹತ್ತರಲ್ಲಿ ಒಂದು ಬರೆಯೋಕೆ ಬರಲ್ಲ ಆ ಯಂತ್ರಕ್ಕೆ" ಎಂದರು ಎವಾಲ್ಡ್. "ಇದನ್ನ ಮಕ್ಕಳಿಗೆ ಕಲಿಸ್ತೀರಾ?"

"ಹೌದು."

"ಅವರಪ್ಪಂದಿರಿಗೆ ಗೊತ್ತಾ?"

ಎಲ್ಲರೂ ನಕ್ಕೆವು. ಕಪ್ಪಿನ ಮೇಲೆ ಎರಡನೆಯ ಹೆಸರು ಬಂತು. ಅಂದಿನಿಂದ ಈ ಸಂಘದಲ್ಲಿ ಹತ್ತರಿಂದ ಗುಣಿಸಿ ಪೂರ್ಣ ಸಂಖ್ಯೆಗಳನ್ನೇ ಕೂಡಿಸುತ್ತೇವೆ. ಮೇಲಾಗಿ ತ್ರೂದಾ ಅವರು ಪೆನ್ಸಿಲಿನಲ್ಲಿ ಒಮ್ಮೆ ನೋಡದೆ ಯಾವ ಪಟ್ಟಿಯೂ ಹೊರಬೀಳುವುದಿಲ್ಲ. ನಾಲ್ಕು ವರ್ಷದ ಹಿಂದೆ ಹುಬೆರ್ಟ್ ತೀರಿಕೊಂಡಾಗ ಶವಪೆಟ್ಟಿಗೆಯ ಮುಂಭಾಗಕ್ಕೆ ಹೆಗಲು ಕೊಟ್ಟವರು ಎಂಬತ್ತರ ಎವಾಲ್ಡ್. ಇಲ್ಲಿಗೇ ಮುಗಿಸಿದ್ದರೆ ಇದು ಚೆಂದದ ಭಾಷಣ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು, ಜನವರಿ ಎಂಬ ಪದವನ್ನು ಬಿಟ್ಟು, ಇಲ್ಲಿಗೇ ಮುಗಿಸಿದ್ದೆ ಕೂಡ. ಬ್ರಿಗಿದಾ ಕೇಳಿ "ಚೆನ್ನಾಗಿದೆ" ಎಂದಿದ್ದಳು.

ಆದರೆ ಒಂದು ಅಂಕಿಯನ್ನು ನಾನು ಕತ್ತರಿಸಿದ್ದೇನೆ. ಅಂದು ಕೇಕು ತಿನ್ನುತ್ತ ಎವಾಲ್ಡ್ ನನ್ನನ್ನು ಕೇಳಿದ್ದರು, "ಇದು ನಿಮಗೆ ಯಾವಾಗ ಗೊತ್ತಾಯ್ತು ಮೇಷ್ಟ್ರೇ?" ಎಂದು. "ನಿನ್ನೆ" ಎಂದೆ.

ನಿನ್ನೆ ಅಲ್ಲ, ಎವಾಲ್ಡ್ ಅವರೇ. ಜನವರಿ ಹದಿನೆಂಟು. ಎಂಟು ವಾರ ನಾನು ಸುಮ್ಮನಿದ್ದೆ. ಮಗು ಹುಟ್ಟಿತ್ತು, ಅದರ ತೊಟ್ಟಿಲು ಮಾವನ ಕೋಣೆಯಲ್ಲಿತ್ತು, ಗಾಜಿನ ಕಪಾಟಿನಲ್ಲಿ ಕಪ್ ಇತ್ತು, ಆ ಮನೆಯಲ್ಲಿ ನನ್ನ ಹೆಸರು ಮೇಷ್ಟ್ರು ಎಂದಾಗಿತ್ತು. ಮತ್ತೆ ಗೊರೊಲ್ ಆಗುವುದು ನನಗೆ ಬೇಡವಾಗಿತ್ತು. ಎಂಟು ವಾರ, ಅಷ್ಟೇ. ಆದರೆ ಆ ಎಂಟು ವಾರಗಳ ನಡುವೆ, ಫೆಬ್ರವರಿಯ ಒಂದು ಬೆಳಿಗ್ಗೆ, ಮುಚ್ಚಿದ ಗೂಡಿನ ಮೇಲೆ ಕುಳಿತಿದ್ದ ಬೂದು ಹೆಣ್ಣನ್ನು ಗಿಡುಗ ಹೊಡೆಯಿತು. ಪರದೆ ಸರಿಸಿ ನೀವು ಹೊರಗೆ ಬಂದಿರಿ. ಹಿಮದ ಮೇಲೆ ಬಿದ್ದ ಗರಿಗಳನ್ನು ಒಂದೊಂದಾಗಿ ಬಕೆಟ್ಟಿಗೆ ಹಾಕಿಕೊಂಡಿರಿ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಜನವರಿಯಲ್ಲಿ ನಾನು ಬಾಯಿ ತೆರೆದಿದ್ದರೆ ಗೂಡಿನ ಬಾಗಿಲು ತೆರೆಯುತ್ತಿತ್ತು, ಅವಳು ಒಳಗಿರುತ್ತಿದ್ದಳು. ನನ್ನ ಮಾವ ತಮ್ಮ ತಪ್ಪನ್ನು ಪೂರ್ತಿಯಾಗಿ ಹೇಳಿ ಹೋದರು. ನಾನು ನನ್ನದನ್ನು ಬಾಲ ಕತ್ತರಿಸಿ ದುಂಡಗೆ ಮಾಡಿ ಹೇಳಿದೆ. ಅದು ಯಂತ್ರದ ಕೆಲಸವಲ್ಲ.

ಮೂರನೆಯ ಸಾಲಿನಲ್ಲಿ ಬ್ರಿಗಿದಾ ನನ್ನನ್ನೇ ನೋಡುತ್ತಿದ್ದಾಳೆ. ಅವಳಿಗೂ ಇದು ಇಂದೇ ಗೊತ್ತಾಗುತ್ತಿರುವುದು. ಬ್ರಿಗಿದಾ, ಮನೆಗೆ ಹೋಗಿ ಮಾತಾಡೋಣ.

ಎವಾಲ್ಡ್ ಅವರೇ, ಸನ್ಮಾನದ ದಿನ ಇಂಥದ್ದನ್ನು ಹೇಳಬಹುದೇ? ನನಗೆ ಗೊತ್ತಿಲ್ಲ. ಹೇಳದೆ ನಿಮ್ಮ ಕೈಗೆ ಈ ಸನ್ಮಾನದ ಫಲಕವನ್ನು ಕೊಡುವುದು ಸಾಧ್ಯವಿಲ್ಲ ಎಂಬುದು ಮಾತ್ರ ಗೊತ್ತು. ನನ್ನನ್ನು ಕ್ಷಮಿಸಿ.

ಅವರು ಕೈ ಎತ್ತಿದ್ದಾರೆ. ನನ್ನತ್ತ ತೋರಿಸಿ, ತಮ್ಮ ಪಕ್ಕದ ಖಾಲಿ ಕುರ್ಚಿಯನ್ನು ತಟ್ಟುತ್ತಿದ್ದಾರೆ. ಅದು ಇಂದು ಯಾರೂ ಕೂರಬಾರದೆಂದು ಅವರೇ ಹಟ ಹಿಡಿದು ಇಡಿಸಿದ ಕುರ್ಚಿ, ನನ್ನ ಮಾವನದು. ತ್ರೂದಾ ಅವರು ಅದರ ಮೇಲಿದ್ದ ಕೋಟನ್ನು ತೆಗೆಯುತ್ತಿದ್ದಾರೆ.

ಬರುತ್ತೇನೆ, ಎವಾಲ್ಡ್ ಅವರೇ. ಬಂದೆ.

ಹತ್ತು ನಿಮಿಷವನ್ನು ಇಷ್ಟು ಉದ್ದ ಮಾಡಲು ಬಿಟ್ಟ ಅಧ್ಯಕ್ಷರಿಗೂ, ಊಟ ತಣ್ಣಗಾದರೂ ಕದಲದೆ ಕುಳಿತ ನಿಮಗೂ ನಾನು ಋಣಿ. ಎಲ್ಲರಿಗೂ ನಮಸ್ಕಾರ.